ಸಾವಿನ ಮನೆಯ ಬಾಗಿಲಲ್ಲಿ ಸುಂಕ

ರಾಘವಾಂಕನ ಹರಿಶ್ಚಂದ್ರನನ್ನು ನಾವೆಲ್ಲ ಸತ್ಯಕ್ಕಾಗಿ ನೆನೆಯುತ್ತೇವೆ. ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ಆ ಸುಡುಗಾಡಿನ ರಾತ್ರಿ ಮರೆಯುವಂಥದ್ದಲ್ಲ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹೊತ್ತು ತಂದ ಚಂದ್ರಮತಿ ಒಂದು ಕಡೆ. ಸುಡುಗಾಡಿನ ಸುಂಕ ಕೊಡದೆ ಸುಡಲು ಬಿಡೆನೆಂದು ತಡೆದು ನಿಂತ ಗಂಡ ಇನ್ನೊಂದು ಕಡೆ. ಸ್ವಂತ ಮಗನ ಹೆಣದ ಎದುರಿಗೂ ಒಡೆಯನಿಗೆ ದ್ರೋಹ ಬಗೆಯದ ಆ ನಿಷ್ಠೆಗೆ ಎಂಟುನೂರು ವರ್ಷಗಳಿಂದ ತಲೆದೂಗುತ್ತಿದ್ದೇವೆ. ಆದರೆ ಒಂದು ಪ್ರಶ್ನೆ ಹಾಗೆಯೇ ಉಳಿದಿದೆ. ಕಾವಲುಗಾರ ಸತ್ಯವಂತನೇ ಸರಿ, ಅವನು ವಸೂಲು ಮಾಡುತ್ತಿದ್ದ ಆ ಸುಂಕ ನ್ಯಾಯದ್ದಾಗಿತ್ತೇ? ಕೈಯಲ್ಲಿ ಕವಡೆ ಕಾಸಿಲ್ಲದ ತಾಯಿಯೊಬ್ಬಳು ಮಗನ ಹೆಣಕ್ಕೂ ತೆರಿಗೆ ಕಟ್ಟಬೇಕು ಎಂಬ ನಿಯಮ ಮಾಡಿದವರು ಯಾರು?

ಆ ಸುಂಕ ಪುರಾಣದೊಂದಿಗೆ ಮುಗಿದುಹೋಗಿಲ್ಲ. ನಮ್ಮ ಊರುಗಳಲ್ಲಿ, ನಗರಸಭೆಯ ಕಚೇರಿಯಲ್ಲಿ, ಸ್ಮಶಾನದ ಗೇಟಿನಲ್ಲಿ, ಹೇಳಲು ಸಂಕಟವಾಗುತ್ತದೆ, ನಮ್ಮ ಕಬರಸ್ತಾನದ ಕಮಿಟಿಯ ಮೇಜಿನ ಮೇಲೂ ಅದು ಬೇರೆ ಬೇರೆ ಹೆಸರಿನಲ್ಲಿ ಉಳಿದುಕೊಂಡಿದೆ. ಕೆಲವು ಕಡೆ ಅದಕ್ಕೆ ಶುಲ್ಕ ಎನ್ನುತ್ತಾರೆ, ಕೆಲವು ಕಡೆ ದೇಣಿಗೆ, ಇನ್ನು ಕೆಲವು ಕಡೆ ಬಾಕಿ. ಹೆಸರು ಯಾವುದಾದರೂ ಇರಲಿ, ಕೈಚಾಚುವ ಗಳಿಗೆ ಮಾತ್ರ ಒಂದೇ: ಮಯ್ಯತ್ ಮನೆಯಲ್ಲಿರುವಾಗ.

ಆ ಗಳಿಗೆ ಎಂಥದ್ದು ಎಂಬುದನ್ನು ಮೊದಲು ಯೋಚಿಸಬೇಕು. ಮಾರುಕಟ್ಟೆಯಲ್ಲಿ ನಾವು ಈರುಳ್ಳಿ ಕೊಳ್ಳುವಾಗಲೂ ಚೌಕಾಸಿ ಮಾಡುತ್ತೇವೆ. ಒಂದು ಅಂಗಡಿಯಲ್ಲಿ ಹೊಂದದಿದ್ದರೆ ಇನ್ನೊಂದಕ್ಕೆ ಹೋಗುತ್ತೇವೆ, ಇವತ್ತು ಬೇಡ ನಾಳೆ ನೋಡೋಣ ಎನ್ನುತ್ತೇವೆ. ಸಾವಿನ ಮನೆಗೆ ಈ ಮೂರು ದಾರಿಗಳೂ ಇಲ್ಲ. ಬೇಗ ದಫನ್ ಮಾಡಬೇಕೆಂಬುದು ಧರ್ಮದ ಆಜ್ಞೆ. ಝುಹರ್‌ಗೆ ಆಗದಿದ್ದರೆ ಅಸರ್‌ಗಾದರೂ ಆಗಬೇಕು. ಊರಿಗೆ ಇರುವುದು ಒಂದೇ ಕಬರಸ್ತಾನ. ಗಂಡ ಸತ್ತ ಹೆಂಗಸು ಇದ್ದತ್‌ನಲ್ಲಿ ಕುಳಿತಿದ್ದಾಳೆ, ದೊಡ್ಡ ಮಗನಿಗೆ ಹದಿನಾಲ್ಕು ವರ್ಷ. ಇಂಥ ಮನೆಯ ಮುಂದೆ ನಿಂತು 'ಇಷ್ಟಾಗುತ್ತದೆ' ಎಂದರೆ ಅದು ಬೆಲೆಯಲ್ಲ. ಇಲ್ಲ ಎನ್ನಲು ಸಾಧ್ಯವಿಲ್ಲದವನಿಂದ ಪಡೆಯುವುದನ್ನು ಯಾವ ಭಾಷೆಯಲ್ಲೂ ವ್ಯಾಪಾರ ಎನ್ನುವುದಿಲ್ಲ, ವಸೂಲಿ ಎನ್ನುತ್ತಾರೆ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ದುಡಿಮೆಯ ಕೂಲಿ. ಕಬರ್ ತೋಡುವುದು ಸುಲಭದ ಕೆಲಸವಲ್ಲ. ಕರಾವಳಿಯಲ್ಲಿ ಮೇಲಿನ ಮಣ್ಣು ಸರಿಸಿದರೆ ಮುರಕಲ್ಲು, ಗುದ್ದಲಿಗೆ ಬದಲು ಹಾರೆ ಬೇಕು, ಮಳೆಗಾಲದಲ್ಲಿ ಗುಂಡಿಯೊಳಗೆ ನೀರು ಏಳುತ್ತದೆ. ಕಲಬುರಗಿ, ವಿಜಯಪುರದ ಕರಿ ಮಣ್ಣಿನಲ್ಲಿ ಮಳೆ ಬಿದ್ದರೆ ಗುಂಡಿಯ ಬದಿಯೇ ಕುಸಿಯುತ್ತದೆ. ನಡುರಾತ್ರಿ ಕರೆ ಬಂದರೂ ಎದ್ದು ಹೋಗಿ ತೋಡುವ ಆ ಮನುಷ್ಯನಿಗೆ ಸಲ್ಲಬೇಕಾದ ಕೂಲಿ ಸಲ್ಲಲೇಬೇಕು, ಬೆವರು ಆರುವ ಮೊದಲೇ ಸಲ್ಲಬೇಕು. ಗುಸುಲ್ ಕೊಡುವವರದ್ದೂ ಅಷ್ಟೆ. ಕಫನ್ ಬಟ್ಟೆ, ಕರ್ಪೂರ, ಕಬರಿನ ಮೇಲೆ ಇಡುವ ಹಲಗೆ, ಚಾಪೆ ಇವೆಲ್ಲಕ್ಕೂ ಖರ್ಚಿದೆ. ಇನ್ನೊಂದು, ನೆಲಕ್ಕಾಗಿ, ಪರವಾನಗಿಗಾಗಿ, ಬಾಗಿಲು ತೆರೆಯುವುದಕ್ಕಾಗಿ ಕೇಳುವ ಹಣ. ನನ್ನ ತಕರಾರು ಎರಡನೆಯದರ ಬಗ್ಗೆ. ಮೊದಲನೆಯದರ ಬಗ್ಗೆ ಇರುವ ಪ್ರಶ್ನೆ ಒಂದೇ: ಆ ಕೂಲಿಯನ್ನು ಕೊಡಬೇಕಾದವರು ಯಾರು? ಆ ದಿನ ಅಳುತ್ತಾ ಕುಳಿತ ಮನೆಯೊಂದೇ ಏಕೆ ಕೊಡಬೇಕು?

ಮೊದಲು ಸರಕಾರದ ಕಡೆ ನೋಡೋಣ. ಶವಸಂಸ್ಕಾರದ ಜಾಗ ಒದಗಿಸುವುದು ಯಾರೋ ಪುಣ್ಯಾತ್ಮರು ಮಾಡುವ ದಾನವಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ದಫನ ಭೂಮಿ ಮತ್ತು ಸ್ಮಶಾನಗಳು ರಾಜ್ಯದ ಹೊಣೆ. 74ನೇ ತಿದ್ದುಪಡಿಯ ಮೂಲಕ ಸೇರಿದ 12ನೇ ಅನುಸೂಚಿಯಲ್ಲಿ ಅದು ನಗರಾಡಳಿತಗಳ ಕೆಲಸಗಳ ಪಟ್ಟಿಯಲ್ಲಿದೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯೂ 1964ರ ಪುರಸಭೆಗಳ ಕಾಯ್ದೆಯೂ ಶವಸಂಸ್ಕಾರದ ಜಾಗವನ್ನು ಒದಗಿಸಿ ನೋಡಿಕೊಳ್ಳುವುದನ್ನು ಕಡ್ಡಾಯ ಕರ್ತವ್ಯಗಳಲ್ಲಿ ಸೇರಿಸಿವೆ. ಕುಡಿಯುವ ನೀರು, ಬೀದಿದೀಪ, ಚರಂಡಿಯ ಸಾಲಿನಲ್ಲೇ ಇದೂ ಇದೆ. ಬದುಕಿದವರ ಘನತೆಯ ಹಕ್ಕು ಸತ್ತ ದೇಹಕ್ಕೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತು. 2002ರಲ್ಲಿ ಆಶ್ರಯ್ ಅಧಿಕಾರ್ ಅಭಿಯಾನ್ ಪ್ರಕರಣದಲ್ಲಿ ಬೀದಿಯಲ್ಲಿ ಸತ್ತ ಅನಾಥನಿಗೂ ಅವನ ಧರ್ಮದಂತೆ ಗೌರವದ ಸಂಸ್ಕಾರ ಸಿಗಬೇಕೆಂಬುದನ್ನು ಒಪ್ಪಿತು. ಪ್ರತಿ ಗ್ರಾಮಕ್ಕೂ ಸ್ಮಶಾನ ಭೂಮಿ ಒದಗಿಸಿ ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಆರು ತಿಂಗಳ ಗಡುವು ಕೊಟ್ಟಿತು. ಗಡುವು ಮೀರಿ, ನ್ಯಾಯಾಂಗ ನಿಂದನೆಯ ಪ್ರಕರಣದವರೆಗೆ ಹೋಯಿತು.

ಕಾನೂನು ಹೀಗಿರುವಾಗ ವಸ್ತುಸ್ಥಿತಿ ಏನು? ಕಬರಸ್ತಾನದ ವಿಷಯ ಎತ್ತಿದರೆ ಅಧಿಕಾರಿಗಳ ಬಾಯಲ್ಲಿ ಸಿದ್ಧ ಉತ್ತರವಿದೆ: 'ಅದು ನಿಮ್ಮ ವಕ್ಫ್ ಆಸ್ತಿ, ನೀವೇ ನೋಡಿಕೊಳ್ಳಿ.' ಕ್ರೈಸ್ತರಿಗೆ 'ನಿಮ್ಮ ಚರ್ಚಿನವರನ್ನು ಕೇಳಿ' ಎಂಬ ಉತ್ತರ. ಹೂಳುವ ಪದ್ಧತಿಯಿರುವ ಲಿಂಗಾಯತ ಕುಟುಂಬಗಳಿಗೆ, ಊರ ಸ್ಮಶಾನದೊಳಗೆ ಬಿಟ್ಟುಕೊಳ್ಳದ ದಲಿತರಿಗೆ 'ನಿಮ್ಮ ಹೊಲದಲ್ಲೇ ಮಾಡಿಕೊಳ್ಳಿ' ಎಂಬ ಸಲಹೆ. ಹೊಲವೇ ಇಲ್ಲದವರು ಏನು ಮಾಡಬೇಕು ಎಂಬುದಕ್ಕೆ ಉತ್ತರವಿಲ್ಲ. ವಿದ್ಯುತ್ ಚಿತಾಗಾರದ ಕರೆಂಟ್ ಬಿಲ್ಲು, ಸಿಬ್ಬಂದಿಯ ಖರ್ಚು ಪಾಲಿಕೆಯ ಬೊಕ್ಕಸದಿಂದ ಹೋಗುತ್ತದೆ. ಹೋಗಲೇಬೇಕು, ಅದು ಸರಿಯಾದ ಕ್ರಮ. ಆದರೆ ಅದೇ ಬೊಕ್ಕಸಕ್ಕೆ ಮನೆ ಕಂದಾಯ ಕಟ್ಟುವ ಮುಸ್ಲಿಮನ ಕಬರ್ ತೋಡುವವನಿಗೆ, ಕ್ರೈಸ್ತನ ಗುಂಡಿ ತೋಡುವವನಿಗೆ ಆ ಬೊಕ್ಕಸದಲ್ಲಿ ಒಂದು ರೂಪಾಯಿಯೂ ಇಲ್ಲವೆಂದರೆ ಅದನ್ನು ನ್ಯಾಯವೆನ್ನಲಾದೀತೇ? ಸುಡುವವರಿಗೆ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ಹೂಳುವವರೂ ತೆರಿಗೆದಾರರೇ ಎಂದಷ್ಟೇ ನೆನಪಿಸುತ್ತಿದ್ದೇನೆ.

ಇದು ಆಗದ ಮಾತೇನೂ ಅಲ್ಲ. ಕೋವಿಡ್ ಕಾಲದಲ್ಲಿ ಬೆಂಗಳೂರು ಪಾಲಿಕೆ ಸೋಂಕಿನಿಂದ ಸತ್ತವರ ಅಂತ್ಯಸಂಸ್ಕಾರದ ಶುಲ್ಕವನ್ನು ಮನ್ನಾ ಮಾಡಿತ್ತು. ಅದರಿಂದ ಪಾಲಿಕೆ ದಿವಾಳಿಯಾಗಲಿಲ್ಲ. ಆ ದಿನಗಳಲ್ಲಿ ರಾಜ್ಯದ ಎಷ್ಟೋ ಊರುಗಳಲ್ಲಿ ನಮ್ಮ ಹುಡುಗರು ಜಾತಿ ಮತ ನೋಡದೆ ಹೆಣ ಹೊತ್ತರು, ಗುಂಡಿ ತೋಡಿದರು, ಚಿತೆಗೂ ಏರಿಸಿದರು. ಯಾರಿಂದಲೂ ಕೂಲಿ ಕೇಳಲಿಲ್ಲ. ಮಹಾಮಾರಿಯ ವರ್ಷದಲ್ಲಿ ಸಾಧ್ಯವಾದದ್ದು ಮಾಮೂಲಿ ವರ್ಷದಲ್ಲಿ ಏಕೆ ಸಾಧ್ಯವಿಲ್ಲ? ಕೋವಿಡ್‌ನಿಂದ ಸತ್ತವನ ಹೆಂಡತಿಯ ಕಣ್ಣೀರು ಬೇರೆ, ಕ್ಷಯದಿಂದ ಸತ್ತವನ ಹೆಂಡತಿಯ ಕಣ್ಣೀರು ಬೇರೆಯೇ?

ಬಡವರಿಗೆ ಸರಕಾರದ ನೆರವು ಇದೆಯಲ್ಲ ಎನ್ನುವವರಿದ್ದಾರೆ. ಇದೆ. ದುಡಿಯುವ ವ್ಯಕ್ತಿ ಸತ್ತರೆ ಬಿಪಿಎಲ್ ಕುಟುಂಬಕ್ಕೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ 20,000 ರೂಪಾಯಿ ಕೊಡುವ ಕ್ರಮವಿದೆ. ಆದರೆ ಆ ಹಣಕ್ಕೆ ಮರಣ ಪತ್ರ ಬೇಕು, ಅರ್ಜಿ ಬೇಕು, ನಾಡಕಚೇರಿಗೆ ಅಲೆದಾಟ ಬೇಕು. ಕಬರಿಗೆ ಹಣ ಬೇಕಾಗಿರುವುದು ಇವತ್ತು ಅಸರ್ ನಮಾಜಿಗೆ ಮೊದಲು. ನಡುವಿನ ಅಂತರವನ್ನು ತುಂಬುವವನು ಬಡ್ಡಿ ವ್ಯಾಪಾರಿ. ಬಡ್ಡಿ ಹರಾಮ್ ಎಂದು ಮಿಂಬರಿನ ಮೇಲೆ ನಿಂತು ಸಾರುವ ನಾವು ಕಬರಸ್ತಾನದ ಗೇಟಿನಲ್ಲಿ ಬಡವನನ್ನು ಅದೇ ಬಡ್ಡಿಯ ಮನೆಗೆ ದೂಡುತ್ತಿದ್ದೇವಲ್ಲ!

ಇನ್ನು ನಮ್ಮದೇ ಅಂಗಳಕ್ಕೆ ಬರೋಣ. ಸರಕಾರವನ್ನು ಬೈಯುವುದು ಸುಲಭ, ಜಮಾಅತಿನ ಅಧ್ಯಕ್ಷರನ್ನು ಕೇಳುವುದು ಕಷ್ಟ.

ಮಯ್ಯತ್‌ಗೆ ಗುಸುಲ್ ಕೊಡುವುದು, ಕಫನ್ ಹೊದಿಸುವುದು, ಜನಾಝಾ ನಮಾಜ್ ಮಾಡುವುದು, ದಫನ್ ಮಾಡುವುದು ಇವು ಫರ್ಝ್ ಕಿಫಾಯಾ ಎಂದು ಮದ್ರಸಾದ ಮಗುವಿಗೂ ಗೊತ್ತು. ಅಂದರೆ ಇದು ಇಡೀ ಸಮುದಾಯದ ಮೇಲಿರುವ ಕಡ್ಡಾಯ. ಕೆಲವರು ಮಾಡಿದರೆ ಉಳಿದವರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಪಾಪ ಎಲ್ಲರ ತಲೆಯ ಮೇಲೆ. ಈ ಮಾತಿನ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಿ. ಸತ್ತವನನ್ನು ಮಣ್ಣಿಗೆ ಸೇರಿಸುವುದು ಆ ಮನೆಯವರು ಜಮಾಅತಿನಿಂದ ಪಡೆಯುವ ಉಪಕಾರವಲ್ಲ, ಜಮಾಅತ್ ತನ್ನ ತಲೆಯ ಮೇಲಿನ ಸಾಲವನ್ನು ತೀರಿಸಿಕೊಳ್ಳುವ ಕ್ರಿಯೆ. ಸಾಲಗಾರನೇ ಸಾಲ ಕೊಟ್ಟವನಿಂದ ಶುಲ್ಕ ಕೇಳುವ ಪದ್ಧತಿಯನ್ನು ನಾವು ಎಲ್ಲಿಂದ ತಂದೆವು?

ಕಮಿಟಿಯವರು ಇದಕ್ಕೊಂದು ಉತ್ತರ ಇಟ್ಟುಕೊಂಡಿದ್ದಾರೆ. ಅಂತ್ಯಸಂಸ್ಕಾರದ ಖರ್ಚು ಸತ್ತವನ ಆಸ್ತಿಯಿಂದಲೇ ಮೊದಲು ಕಳೆಯಬೇಕೆಂದು ಶರೀಅತ್ ಹೇಳುತ್ತದಲ್ಲ, ಹಾಗಾದರೆ ಮನೆಯವರು ಕೊಡುವುದರಲ್ಲಿ ತಪ್ಪೇನು ಎಂಬುದು. ಮಾತು ನಿಜ, ಆದರೆ ಅರ್ಧ. ಸಾಲ, ವಸಿಯ್ಯತ್, ವಾರಸುದಾರರ ಪಾಲು ಇವೆಲ್ಲಕ್ಕಿಂತ ಮೊದಲು ಕಫನ್ ದಫನಿನ ಖರ್ಚು ಎಂಬುದು ಫಿಕ್‌ಹ್‌ನ ನಿಯಮ. ಉಳಿದರ್ಧವನ್ನೂ ಅದೇ ಗ್ರಂಥಗಳು ಹೇಳುತ್ತವೆ. ಸತ್ತವನು ಏನೂ ಬಿಟ್ಟು ಹೋಗದಿದ್ದರೆ ಅವನನ್ನು ಪೋಷಿಸಬೇಕಾಗಿದ್ದವರು, ಅವರಿಗೂ ಆಗದಿದ್ದರೆ ಬೈತುಲ್ ಮಾಲ್, ಅದೂ ಇಲ್ಲದಿದ್ದರೆ ಊರಿನ ಮುಸ್ಲಿಮರೆಲ್ಲ. ಬೀಡಿ ಕಟ್ಟಿ, ರಿಕ್ಷಾ ಓಡಿಸಿ, ಗುಜರಿ ಆಯ್ದು ಸತ್ತವನ ಆಸ್ತಿ ಯಾವುದು? ಗೋಡೆಗೆ ನೇತುಹಾಕಿದ ಎರಡು ಅಂಗಿಯೇ? ಅಲ್ಲದೆ ಶರೀಅತ್ ಹೇಳುವ ಖರ್ಚೆಂದರೆ ಬಟ್ಟೆಯದು, ಕೂಲಿಯದು. ಕಮಿಟಿಯ ಕಟ್ಟಡ ನಿಧಿಯನ್ನು, ಹಳೆಯ ಚಂದಾ ಬಾಕಿಯನ್ನು ಯಾವ ಇಮಾಮರೂ ಅದರಲ್ಲಿ ಸೇರಿಸಿಲ್ಲ.

ಚಂದಾ ಬಾಕಿಯ ಮಾತು ಬಂದದ್ದರಿಂದ ಹೇಳುತ್ತೇನೆ. ತಿಂಗಳ ವರಿ ಕೊಟ್ಟಿಲ್ಲವೆಂದು ಮಯ್ಯತ್ ತಡೆದು ನಿಲ್ಲಿಸುವ, 'ಬಾಕಿ ತೀರಿಸಿ, ಆಮೇಲೆ ಗುಂಡಿ ತೋಡಿಸುತ್ತೇವೆ' ಎನ್ನುವ ಪದ್ಧತಿ ನಮ್ಮಲ್ಲಿ ಅಲ್ಲಲ್ಲಿ ಇದೆ. ಮದುವೆಯ ಕಾಗದ ಮತ್ತು ಕಬರಿನ ಗುಂಡಿ, ಜಮಾಅತಿನ ಕೈಯಲ್ಲಿರುವ ಎರಡು ಬೀಗದ ಕೈಗಳು ಇವು. ಇವನ್ನು ಹಿಡಿದು ಜನರನ್ನು ಬಗ್ಗಿಸುವ ಚಟ ಹಳೆಯದು. ಬಹಿಷ್ಕಾರವನ್ನು ತಡೆಯಲು ಮುಂಬಯಿ ಸರಕಾರ 1949ರಲ್ಲಿ ತಂದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1962ರಲ್ಲಿ ದಾವೂದಿ ಬೋಹ್ರಾ ಧರ್ಮಗುರುಗಳ ಪ್ರಕರಣದಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಹೆಸರಿನಲ್ಲಿ ರದ್ದು ಮಾಡಿತು. ಬಹಿಷ್ಕೃತರಾದವರು ಕಳೆದುಕೊಳ್ಳುವ ಹಕ್ಕುಗಳಲ್ಲಿ ಸಮುದಾಯದ ಕಬರಸ್ತಾನವೂ ಒಂದು. ಕೇರಳದಲ್ಲಿ ಆರ್ಥಡಾಕ್ಸ್ ಮತ್ತು ಜಾಕೊಬೈಟ್ ಕ್ರೈಸ್ತರ ಜಗಳದಲ್ಲಿ ಹೆಣಗಳು ಕಾಯುವಂತಾದಾಗ ಅಲ್ಲಿನ ಸರಕಾರ 2020ರಲ್ಲಿ ಕಾಯ್ದೆ ಮಾಡಿ, ಕುಟುಂಬದವರಿಗೆ ತಮ್ಮ ಇಗರ್ಜಿಯ ಸ್ಮಶಾನದಲ್ಲಿ ಹೂಳುವ ಹಕ್ಕನ್ನು ಕೊಡಬೇಕಾಯಿತು. ಇಂಥ ಕಾಯ್ದೆ ನಮಗೂ ಬೇಕಾಗುವಷ್ಟು ಕೆಳಗೆ ನಾವು ಇಳಿಯಬೇಕೇ? ಬದುಕಿರುವವನ ಬಾಕಿಯನ್ನು ಬದುಕಿರುವಾಗಲೇ ಕೇಳಿ. ಕೊಡಲಾಗದಿದ್ದರೆ ಬಿಟ್ಟುಬಿಡಿ. ಹೆಣವನ್ನು ಒತ್ತೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಪಿಡುಗು, ಕಾದಿರಿಸಿದ ಕಬರ್. ಮಸೀದಿಯ ಗೋಡೆಗೆ ಹತ್ತಿರ, ದರ್ಗಾದ ನೆರಳಿಗೆ ಹತ್ತಿರ ಇರುವ ಜಾಗಕ್ಕೆ 'ದೇಣಿಗೆ'ಯ ಮೊತ್ತ ಬೇರೆ. ಉಳ್ಳವರು ಬದುಕಿರುವಾಗಲೇ ಅಪ್ಪನ ಪಕ್ಕದ ಜಾಗಕ್ಕೆ ಕಲ್ಲು ಹಾಸಿ ಹೆಸರು ಬರೆಸಿ ಇಡುತ್ತಾರೆ. ಬಡವನ ಮಗುವಿಗೆ ಹಿಂದಿನ ಮೂಲೆಯಲ್ಲಿ, ನೀರು ನಿಲ್ಲುವ ತಗ್ಗಿನಲ್ಲಿ ಜಾಗ. ಕಬರನ್ನು ಗಾರೆ ಮಾಡಿ ಕಟ್ಟುವುದನ್ನು ಪ್ರವಾದಿ ಮುಹಮ್ಮದ್(ಸ)ರು ನಿಷೇಧಿಸಿದ್ದಾರೆಂಬ ಹದೀಸ್ ಮುಸ್ಲಿಮ್ ಸಂಗ್ರಹದಲ್ಲಿದೆ. ವಕ್ಫ್ ಆಸ್ತಿಯ ಮಾರಾಟವನ್ನು 2013ರ ತಿದ್ದುಪಡಿ ನಿಷೇಧಿಸಿದೆ. ಧರ್ಮವೂ ಬೇಡವೆಂದಿತು, ಕಾನೂನೂ ಬೇಡವೆಂದಿತು. ಆದರೂ ಜಾಗವಿಲ್ಲವೆಂದು ಗೋಳಾಡುವ ಕಬರಸ್ತಾನಗಳಲ್ಲೇ ಗ್ರಾನೈಟ್ ಕಬರುಗಳು ಏಳುತ್ತಿವೆ. ಕಚ್ಚಾ ಕಬರ್ ವರ್ಷಗಳು ಕಳೆದಂತೆ ನೆಲವಾಗುತ್ತದೆ, ಮುಂದಿನವನಿಗೆ ಜಾಗ ಕೊಡುತ್ತದೆ. ಗ್ರಾನೈಟ್ ಮಾತ್ರ ಯಾರಿಗೂ ಜಾಗ ಬಿಡುವುದಿಲ್ಲ. ಜಾಗದ ಕೊರತೆಯನ್ನು ಶ್ರೀಮಂತರು ಸೃಷ್ಟಿಸಿದರು, ಅದರ ದರವನ್ನು ಬಡವರು ತೆರುತ್ತಿದ್ದಾರೆ.

ಪರ ಊರಿನವರ ಪಾಡು ಇನ್ನೂ ಕಷ್ಟ. ಬಿಹಾರದಿಂದ, ಬಂಗಾಳದಿಂದ ಬಂದು ನಮ್ಮ ಕಟ್ಟಡಗಳಿಗೆ ಕಲ್ಲು ಹೊತ್ತವನು ಸತ್ತರೆ 'ಯಾವ ಮೊಹಲ್ಲಾ? ಯಾವ ಮಸೀದಿಯ ಮೆಂಬರ್? ಚೀಟಿ ತಂದಿದ್ದೀರಾ?' ಎಂಬ ಪ್ರಶ್ನೆಗಳು. ಪ್ರವಾದಿ(ಸ)ರ ಕಾಲದಲ್ಲಿ ಮದೀನಾದ ಮಸೀದಿಯ ಕಸ ಗುಡಿಸುತ್ತಿದ್ದವರೊಬ್ಬರು ಸತ್ತಾಗ, ಇವರ ಸಾವನ್ನೇನು ತಿಳಿಸುವುದು ಎಂದು ಸಹಾಬಿಗಳು ರಾತ್ರಿಯೇ ದಫನ್ ಮಾಡಿದ್ದರು. ವಿಷಯ ತಿಳಿದ ಪ್ರವಾದಿ(ಸ)ರು ತಮಗೆ ಏಕೆ ಹೇಳಲಿಲ್ಲವೆಂದು ಕೇಳಿ, ಕಬರಿದ್ದಲ್ಲಿಗೇ ಹೋಗಿ ಪ್ರಾರ್ಥಿಸಿದರು. ಆ ಕಸ ಗುಡಿಸುವವರ ಮೆಂಬರ್‌ಶಿಪ್ ಚೀಟಿಯನ್ನು ಯಾರೂ ಕೇಳಿರಲಿಲ್ಲ.

ಇಂಗ್ಲೆಂಡಿನಲ್ಲೂ ಈ ಜಗಳವಿದೆ. ಅಲ್ಲಿ ದಫನ ಶುಲ್ಕವನ್ನು ಆಯಾ ಸ್ಥಳೀಯ ಕೌನ್ಸಿಲ್‌ಗಳೇ ನಿಗದಿ ಮಾಡುತ್ತವೆ. 1977ರ ಆದೇಶವೊಂದು ಅವುಗಳಿಗೆ ತಮಗೆ ಸರಿಕಂಡ ಶುಲ್ಕ ಹಾಕುವ ಅಧಿಕಾರ ಕೊಟ್ಟಿದೆ. ಹೀಗಾಗಿ ಒಂದು ಊರಿಗೂ ಪಕ್ಕದ ಊರಿಗೂ ದರ ಬೇರೆ. ಕೌನ್ಸಿಲ್‌ನ ಗಡಿಯ ಹೊರಗಿನವರಿಗೆ ಎಷ್ಟೋ ಕಡೆ ಎರಡು ಪಟ್ಟು, ಮೂರು ಪಟ್ಟು. ಶನಿವಾರ ಭಾನುವಾರವಾದರೆ ಹಲವು ಕಡೆ ಮತ್ತೆ ಹೆಚ್ಚುವರಿ. ಸತ್ತ ದಿನವೇ ಹೂಳಬೇಕೆನ್ನುವ ಮುಸ್ಲಿಮರಿಗೂ ಯಹೂದಿಯರಿಗೂ ಇದು ಧರ್ಮ ಪಾಲನೆಗೆ ಹಾಕಿದ ದಂಡದಂತೆಯೇ. ಆದರೆ ಅದೇ ದೇಶದಲ್ಲಿ ಒಬ್ಬ ತಾಯಿ ಏನು ಸಾಧಿಸಿದಳೆಂಬುದನ್ನೂ ನೋಡಬೇಕು. ಸ್ವಾನ್ಸಿ ಪ್ರದೇಶದ ಸಂಸದೆ ಕ್ಯಾರೊಲಿನ್ ಹ್ಯಾರಿಸ್ ಅವರ ಎಂಟು ವರ್ಷದ ಮಗ 1989ರಲ್ಲಿ ತೀರಿಕೊಂಡಾಗ ಅವನನ್ನು ಹೂಳಲು ಅವರು ಸಾಲ ಮಾಡಬೇಕಾಗಿತ್ತು, ನೆರೆಹೊರೆಯವರೂ ಹಣ ಕೂಡಿಸಿದ್ದರು. ಸಂಸತ್ತಿಗೆ ಹೋದ ಮೇಲೆ ಅವರು ಆ ನೋವನ್ನು ಮುಚ್ಚಿಡಲಿಲ್ಲ. ಮಕ್ಕಳ ದಫನಕ್ಕೆ ಶುಲ್ಕ ಕೂಡದೆಂದು ಪಟ್ಟು ಹಿಡಿದರು. ವೇಲ್ಸ್ 2017ರಲ್ಲಿ ಒಪ್ಪಿತು, ಸ್ಕಾಟ್ಲೆಂಡ್ 2018ರಲ್ಲಿ, ಇಂಗ್ಲೆಂಡ್ 2019ರ ಜುಲೈಯಲ್ಲಿ, ಉತ್ತರ ಐರ್ಲೆಂಡ್ 2022ರಲ್ಲಿ. ಇಂಗ್ಲೆಂಡಿನಲ್ಲಿ ಕುಟುಂಬದ ಆದಾಯವನ್ನೂ ಕೇಳುವುದಿಲ್ಲ. ಹದಿನೆಂಟು ತುಂಬದ ಮಗು ಎಂದರೆ ಮುಗಿಯಿತು. ಅರ್ಜಿ ಹಿಡಿದು ಅಲೆಯುವ ಕೆಲಸವೂ ತಂದೆತಾಯಿಯದಲ್ಲ, ಸ್ಮಶಾನ ನಡೆಸುವವರೇ ಸರಕಾರದಿಂದ ಹಣ ಪಡೆಯಬೇಕು. ಲೆಕ್ಕವನ್ನು ದುಃಖದಲ್ಲಿರುವ ಮನೆಯಿಂದ ಆಚೆಗೆ ಸರಿಸುವುದೆಂದರೆ ಹೀಗೆ.

'ಇದೆಲ್ಲ ಸರಿ, ಹಣ ಎಲ್ಲಿಂದ?' ಎಂದು ಕಮಿಟಿಯವರು ಕೇಳುತ್ತಾರೆ. ಲೆಕ್ಕ ಮಾಡೋಣ. ಆರುನೂರು ಮನೆಗಳ ಜಮಾಅತ್ ಎಂದಿಟ್ಟುಕೊಳ್ಳಿ, ಸುಮಾರು ಮೂರು ಸಾವಿರ ಜನ. ವರ್ಷಕ್ಕೆ ಇಪ್ಪತ್ತರ ಆಸುಪಾಸು ಸಾವು. ಒಂದು ಕಬರಿಗೆ 3,000 ರೂಪಾಯಿ ಕೂಲಿ ಎಂದರೆ ಒಟ್ಟು 60,000. ಮನೆಗೆ ತಿಂಗಳಿಗೆ ಹತ್ತು ರೂಪಾಯಿಯಂತೆ ಕೂಡಿಸಿದರೆ 72,000. ಒಂದು ಚಹಾದ ದುಡ್ಡು! ಅದೂ ಆಗದ ಮನೆಗಳನ್ನು ಬಿಟ್ಟುಬಿಟ್ಟರೂ ಲೆಕ್ಕ ಸರಿಹೋಗುತ್ತದೆ. ಹಣ ಇಲ್ಲದಿರುವುದು ಸಮಸ್ಯೆಯಲ್ಲ, ಹಣ ಕೇಳುವ ಹೊತ್ತು ಸಮಸ್ಯೆ. ಎಲ್ಲರೂ ನಗುನಗುತ್ತಾ ಇರುವಾಗ ಸ್ವಲ್ಪ ಸ್ವಲ್ಪ ಕೂಡಿಸುವುದು ಒಂದು ದಾರಿ. ಒಬ್ಬರು ಅಳುವಾಗ ಅವರೊಬ್ಬರಿಂದಲೇ ಎಲ್ಲವನ್ನೂ ಕೀಳುವುದು ಇನ್ನೊಂದು ದಾರಿ. ಮುಅತಾ ಯುದ್ಧದಲ್ಲಿ ಜಅಫರ್(ರ) ಹುತಾತ್ಮರಾದಾಗ ಅವರ ಮನೆಯವರಿಗೆ ಊಟ ಮಾಡಿ ಕಳಿಸಿರೆಂದು ಪ್ರವಾದಿ(ಸ)ರು ಹೇಳಿದ್ದನ್ನು ನಾವು ಪ್ರವಚನಗಳಲ್ಲಿ ಕೇಳುತ್ತೇವೆ. ಸಾವಿನ ಮನೆಗೆ ಕೊಡಬೇಕು, ಅಲ್ಲಿಂದ ತರಬಾರದು ಎಂಬುದಲ್ಲವೇ ಅದರ ಸಾರ? ನಾವೋ ಅಲ್ಲಿಂದ ಶುಲ್ಕವನ್ನೂ ತರುತ್ತೇವೆ, ಮೂರನೇ ದಿನ, ನಲವತ್ತನೇ ದಿನ ಹೋಗಿ ಬಿರಿಯಾನಿಯನ್ನೂ ತಿಂದು ಬರುತ್ತೇವೆ.

ಕೊನೆಯದಾಗಿ ಒಂದು ಆಕ್ಷೇಪ. 'ವಕ್ಫ್ ಮೇಲೆ ಎಲ್ಲ ಕಡೆಯಿಂದ ಕಣ್ಣು ಬಿದ್ದಿರುವ ಈ ಹೊತ್ತಿನಲ್ಲಿ ನಮ್ಮವರ ಹುಳುಕನ್ನು ನೀವೇ ಬರೆಯಬೇಕೆ?' 2025ರ ವಕ್ಫ್ ತಿದ್ದುಪಡಿ ಕಾಯ್ದೆ, ಬಳಕೆಯ ಆಧಾರದಲ್ಲಿ ಹೊಸದಾಗಿ ವಕ್ಫ್ ಎಂದು ಗುರುತಿಸುವ ದಾರಿಯನ್ನು ಮುಚ್ಚಿದೆ. ಕಾಗದಪತ್ರವಿಲ್ಲದೆ ತಲೆಮಾರುಗಳಿಂದ ಕಬರಸ್ತಾನವಾಗಿ ಬಳಕೆಯಾದ ಎಷ್ಟೋ ಜಾಗಗಳ ಬಗ್ಗೆ ಆತಂಕವಿರುವುದು ಸಹಜ. ಆದ್ದರಿಂದಲೇ ಬರೆಯಬೇಕು. ಕಬರಸ್ತಾನವನ್ನು ಉಳಿಸಿಕೊಳ್ಳಲು ಹೋರಾಡುವವನ ಬೆನ್ನಿಗೆ ಊರಿನ ಬಡವ ನಿಲ್ಲಬೇಕಾದರೆ ಆ ಕಬರಸ್ತಾನ ತನ್ನದು ಎಂದು ಅವನಿಗೆ ಅನ್ನಿಸಬೇಕು. ತಂದೆಯ ಮಯ್ಯತ್ ಇಟ್ಟುಕೊಂಡು ಗೇಟಿನಲ್ಲಿ ಕಾದವನಿಗೆ ಹಾಗೆ ಅನ್ನಿಸುವುದಾದರೂ ಹೇಗೆ? ಮುತವಲ್ಲಿಗಳು ಪ್ರತಿವರ್ಷ ಲೆಕ್ಕ ಒಪ್ಪಿಸಬೇಕೆಂದು ವಕ್ಫ್ ಕಾಯ್ದೆ 1995ರಿಂದಲೇ ಹೇಳುತ್ತಿದೆ. ಆ ಲೆಕ್ಕವನ್ನು ವಕ್ಫ್ ಮಂಡಳಿಗೆ ಕಳಿಸುವ ಮೊದಲು ಮಸೀದಿಯ ಬಾಗಿಲಿಗೆ ಅಂಟಿಸಿ. ಹೊರಗಿನವರ ಬಾಯಿ ಮುಚ್ಚಿಸಲು ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಕಬರ್ ತೋಡುವವರ, ಸ್ಮಶಾನ ಕಾಯುವವರ ಕೂಲಿಯನ್ನು ಧರ್ಮಭೇದವಿಲ್ಲದೆ ನಗರಸಭೆ, ಪಂಚಾಯಿತಿಗಳು ಭರಿಸಬೇಕು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿದೆ. ಅವು ಮೊದಲು ದಾರಿ ತೋರಿಸಲಿ. ಮಕ್ಕಳ ಸಂಸ್ಕಾರಕ್ಕೆ ಎಲ್ಲಿಯೂ, ಯಾರಿಂದಲೂ ಹಣ ತೆಗೆದುಕೊಳ್ಳಬಾರದು. ಜಮಾಅತ್‌ಗಳು ಕಬರಿನ ಕೂಲಿಗೆಂದು ಬೇರೆ ನಿಧಿ ಇಡಬೇಕು. ಬಾಕಿಯ ಪುಸ್ತಕವನ್ನು ಕಬರಸ್ತಾನದೊಳಗೆ ತರಬಾರದು. ಕಾದಿರಿಸುವುದನ್ನೂ ಪಕ್ಕಾ ಕಬರನ್ನೂ ನಿಲ್ಲಿಸಿ, ಸಾಲು ಹಿಡಿದು ದಫನ್ ಮಾಡಬೇಕು. ಪರ ಊರಿನವನಿಗೂ ಅದೇ ಸಾಲು. ದಫನ್ ಆದ ದಿನವೇ ರಸೀದಿ ಕೊಡಬೇಕು. ಮನೆಯಲ್ಲಿ ಸತ್ತವರ ಮರಣ ನೋಂದಣಿಗೆ ಎಷ್ಟೋ ಕಡೆ ಆ ಚೀಟಿಯೇ ಆಧಾರ. 21 ದಿನದೊಳಗೆ ನೋಂದಣಿಯಾಗದಿದ್ದರೆ ವಿಧವೆಯ ಪಿಂಚಣಿಯಿಂದ ಹಿಡಿದು ಖಾತೆ ಬದಲಾವಣೆಯವರೆಗೆ ಎಲ್ಲವೂ ಎಡವುತ್ತದೆ.

ಇದರಲ್ಲಿ ಯಾವುದಕ್ಕೂ ಹೊಸ ಫತ್ವಾ ಬೇಡ, ಹೊಸ ಕಾನೂನೂ ಬೇಡ. ದಫನಿನ ಹೊತ್ತಿಗೆ ನಾವೆಲ್ಲ ಸಾಲಾಗಿ ನಿಂತು ಮೂರು ಹಿಡಿ ಮಣ್ಣು ಹಾಕುತ್ತೇವೆ. ಶ್ರೀಮಂತನೂ ಮೂರೇ ಹಿಡಿ, ಬಡವನೂ ಮೂರೇ ಹಿಡಿ. ಮಣ್ಣು ಹಾಕುವುದರಲ್ಲಿ ಎಲ್ಲರಿಗೂ ಪಾಲಿದೆಯೆಂದ ಮೇಲೆ ಆ ಗುಂಡಿಯ ಖರ್ಚಿನಲ್ಲೂ ಎಲ್ಲರಿಗೂ ಪಾಲಿರಲಿ. ಬರುವ ಶುಕ್ರವಾರ ನಿಮ್ಮ ಮಸೀದಿಯ ಕಮಿಟಿಯವರನ್ನು ನಮಾಜಿನ ನಂತರ ಒಂದು ಮಾತು ಕೇಳಿ: ನಮ್ಮ ಊರಿನಲ್ಲಿ ಒಂದು ಕಬರಿಗೆ ಎಷ್ಟಾಗುತ್ತದೆ, ಅದನ್ನು ಯಾರು ಕೊಡುತ್ತಾರೆ? ಸೋಮವಾರ ನಗರಸಭೆಯ ಕಚೇರಿಗೂ ಹೋಗಿ ಅದೇ ಪ್ರಶ್ನೆ ಕೇಳಿ.